ಇಟ್ಟಿಗೆಯ ಗೊಬ್ಬರ ತೊಟ್ಟಿ: ನೀವೇ ಕಟ್ಟಿಕೊಳ್ಳಿ



ಕೃಷ್ಣಾ ತುಂಗಭದ್ರೆಯರ ನಡುವಿನ ದೋಆಬಿನಲ್ಲಿ ಮುದಗಲ್ ಕೋಟೆ ಇದೆ. ಬಹಮನಿಗಳು, ವಿಜಯನಗರದವರು, ಬಿಜಾಪುರದ ಆದಿಲ್‌ಶಾಹಿಗಳು ಇದಕ್ಕಾಗಿ ಮತ್ತೆ ಮತ್ತೆ ಕಾದಾಡಿದರು. ಅದರ ಗೋಡೆಗಳು ಇಂದಿಗೂ ನಿಂತಿವೆ. ಆದರೆ ಅದೇ ಸೀಮೆಯ ಎರೆಹೊಲದಲ್ಲಿ ಅವಸರದಿಂದ ಕಟ್ಟಿದ ಇಟ್ಟಿಗೆ ಗೋಡೆ ಎರಡು ಮಳೆಗಾಲ ಕಳೆಯುವುದರೊಳಗೆ ಬಿರುಕು ಬಿಡುವುದುಂಟು. ತಳಪಾಯ, ಸಂದು, ನೀರು ಈ ಮೂರನ್ನು ಅರಿತವನ ಗೋಡೆ ನಿಲ್ಲುತ್ತದೆ. ಈ ಪಾಠವನ್ನು ತೋಟಕ್ಕೆ ಬೇಕಾದ ಒಂದು ಕೆಲಸಕ್ಕೆ ಅನ್ವಯಿಸಿ ನೋಡೋಣ.

ಏಕೆ ಬೇಕು?

ಅಡಿಕೆ ಮರವೊಂದಕ್ಕೆ ವರ್ಷಕ್ಕೆ 12 ಕಿಲೋ ಹಸಿರೆಲೆ ಹಾಗೂ 12 ಕಿಲೋ ಕಾಂಪೋಸ್ಟ್ ಅಥವಾ ಕೊಟ್ಟಿಗೆ ಗೊಬ್ಬರ ಕೊಡಬೇಕೆಂಬುದು ಶಿಫಾರಸು. 9 ಅಡಿ ಅಂತರದ ಒಂದು ಎಕರೆಯಲ್ಲಿ ಸುಮಾರು 550 ಮರಗಳಿರುತ್ತವೆ; ಅಂದರೆ ಆರೂವರೆ ಟನ್ ಗೊಬ್ಬರ ಬೇಕು. ಕೊಟ್ಟಿಗೆಯಲ್ಲಿ ದನಗಳು ಕಡಿಮೆಯಾಗಿವೆ. ಕೊಂಡು ತಂದರೆ ಗೊಬ್ಬರದ ಬೆಲೆಯ ಮೇಲೆ ಲಾರಿ ಬಾಡಿಗೆ. ಇತ್ತ ಅಡಿಕೆ ಸಿಪ್ಪೆ, ಸೋಗೆ, ಕಾಫಿ ಹಣ್ಣಿನ ಸಿಪ್ಪೆ ಬೆಂಕಿಗೋ ಹಳ್ಳಕ್ಕೋ ಹೋಗುತ್ತವೆ.

ಮಹಾರಾಷ್ಟ್ರದ ಯವತಮಾಳ ಜಿಲ್ಲೆಯ ಪುಸದ್‌ನ ರೈತ ನಾರಾಯಣ ದೇವತಾವ್ ಪಾಂಢರಿಪಾಂಡೆಯವರು ಇದಕ್ಕೊಂದು ದಾರಿ ತೋರಿದರು. ಅವರ ಹೆಸರಿನಿಂದಲೇ ಅದು 'ನಾಡೆಪ್' ವಿಧಾನವೆನಿಸಿದೆ. ಸುಮಾರು 100 ಕಿಲೋ ಸಗಣಿಯಿಂದ 3 ಟನ್ ಗೊಬ್ಬರ ತಯಾರಿಸಬಹುದೆಂಬುದೇ ಇದರ ಹೆಚ್ಚುಗಾರಿಕೆ. ಅಂದರೆ ಒಂದು ಸಲ ತುಂಬಿದರೆ 250 ಮರಗಳಿಗೆ ಸಾಕು.

ಇಟ್ಟಿಗೆಯ ಆಯ್ಕೆ

ತೊಟ್ಟಿಯ ಒಳ ಅಳತೆ 10 ಅಡಿ ಉದ್ದ, 6 ಅಡಿ ಅಗಲ, 3 ಅಡಿ ಎತ್ತರ. ಗೋಡೆ 9 ಅಂಗುಲ ದಪ್ಪ. ಗಾರೆ ಸೇರಿ 9 × 4½ × 3 ಅಂಗುಲ ಬರುವ ಇಟ್ಟಿಗೆಯಾದರೆ ನೆಲಕ್ಕೂ ಗೋಡೆಗೂ ಒಡಕು ಸೇರಿಸಿ 1,300 ಬೇಕಾದೀತು. ಎರಡು ಇಟ್ಟಿಗೆಗಳನ್ನು ಒಂದಕ್ಕೊಂದು ಬಡಿದರೆ ಕಣಕಣ ಸದ್ದು ಬರಬೇಕು. ಉಗುರಿನಿಂದ ಗೀಚಿದರೆ ಗೀರು ಬೀಳಬಾರದು. ಮೂರು ಅಡಿ ಎತ್ತರದಿಂದ ಗಟ್ಟಿ ಮಣ್ಣಿನ ನೆಲಕ್ಕೆ ಬಿಟ್ಟರೆ ಒಡೆಯಬಾರದು.

ತಳಪಾಯ

ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಸೀಳುತ್ತದೆ. ಮುದಗಲ್, ಮಸ್ಕಿ, ಸಿಂಧನೂರು ಕಡೆಯ ಎರೆಭೂಮಿಯವರು ತೊಟ್ಟಿಯ ಜಾಗಕ್ಕಿಂತ ಸುತ್ತಲೂ ಒಂದು ಅಡಿ ಹೆಚ್ಚಾಗಿ, ಎರಡು ಅಡಿ ಆಳಕ್ಕೆ ಎರೆ ತೆಗೆದುಹಾಕಿ. ಅಲ್ಲಿ ಗರಸನ್ನು ಅರ್ಧ ಅಡಿಯಂತೆ ಹರಡಿ, ನೀರು ಚಿಮುಕಿಸಿ, ದಮ್ಮಸು ಮಾಡುತ್ತ ತುಂಬಿ. ಮಲೆನಾಡಿನ ಗಟ್ಟಿ ಜಂಬಿಟ್ಟಿಗೆ ನೆಲದಲ್ಲಿ ಮೇಲ್ಮಣ್ಣು ತೆಗೆದು ಸಮ ಮಾಡಿದರೆ ಸಾಕು. ಆದರೆ ಮಳೆನೀರು ನಿಲ್ಲದ ಎತ್ತರದ ಜಾಗವೇ ಆಗಬೇಕು.

ಮೂಲೆ ಸರಿಯಾಗಿದೆಯೇ ಎಂದು ನೋಡಲು, ಒಂದು ದಾರದ ಮೇಲೆ 3 ಅಡಿಗೆ, ಇನ್ನೊಂದರ ಮೇಲೆ 4 ಅಡಿಗೆ ಗುರುತು ಮಾಡಿ. ಎರಡು ಗುರುತುಗಳ ನಡುವೆ ಸರಿಯಾಗಿ 5 ಅಡಿ ಬಂದರೆ ಮೂಲೆ ನೇರವಾಗಿದೆ.

ಗೋಡೆ ಕಟ್ಟುವ ಕ್ರಮ

1. ನೆಲಕ್ಕೆ ಇಟ್ಟಿಗೆ ಮಲಗಿಸಿ ಸಂದು ತುಂಬಿ.

2. ಇಟ್ಟಿಗೆಗಳನ್ನು ನೀರಿನಲ್ಲಿ ನೆನೆಸಿಯೇ ಉಪಯೋಗಿಸಿ. ಒಣ ಇಟ್ಟಿಗೆ ಗಾರೆಯ ನೀರನ್ನು ಹೀರಿ ಹಿಡಿತ ಕೆಡಿಸುತ್ತದೆ.

3. ಬಯಲುಸೀಮೆಯಲ್ಲಿ ಕೆಮ್ಮಣ್ಣಿನ ಕೆಸರಿನಲ್ಲಿ ಕಟ್ಟಬಹುದು. ಎರೆಮಣ್ಣಿನ ಕೆಸರು ಬೇಡ. ಮೇಲಿನ ವರಸೆಯನ್ನು ಮಾತ್ರ ಸಿಮೆಂಟಿನಲ್ಲಿ ಕೂರಿಸಿ. ಮಲೆನಾಡಿನ ಜಡಿಮಳೆಗೆ ಕೆಸರು ತೊಳೆದುಹೋಗುವುದರಿಂದ ಪೂರ್ತಿ ಒಂದಕ್ಕೆ ಆರರ ಸಿಮೆಂಟ್ ಗಾರೆಯೇ ಲೇಸು.

4. ಕೆಳಗಿನ ವರಸೆಯ ಸಂದಿನ ಮೇಲೆ ಮೇಲಿನ ವರಸೆಯ ಸಂದು ಬರಲೇಬಾರದು. ಸಂದಿನ ಮೇಲೆ ಸಂದು ಬಂದರೆ ಬಿರುಕು ನೇರವಾಗಿ ಬುಡದಿಂದ ತುದಿಗೆ ಏರುತ್ತದೆ.

5. 3, 6 ಮತ್ತು 9ನೆಯ ವರಸೆಗಳಲ್ಲಿ ಎರಡೆರಡು ಇಟ್ಟಿಗೆಗೊಂದರಂತೆ 7 ಅಂಗುಲದ ತೂತು ಬಿಡಿ. ಗಾಳಿ ಆಡಿ ಕಸ ಬೇಗ ಕೊಳೆಯಲು ಇದು ಅವಶ್ಯ. ತೂತಿನ ನೇರಕ್ಕೆ ಮೇಲೆ ತೂತು ಬೇಡ. ಮೂಲೆಯ ಬಳಿ ಒಂದು ಇಟ್ಟಿಗೆಯಷ್ಟಾದರೂ ಗಟ್ಟಿ ಗೋಡೆ ಇರಲಿ. ತೂತಿನ ಮೇಲೆ ಉದ್ದಕ್ಕೆ ಮಲಗಿಸಿದ ಇಟ್ಟಿಗೆಯ ಎರಡೂ ತುದಿ ಕನಿಷ್ಠ ಒಂದು ಅಂಗುಲ ಆಧಾರದ ಮೇಲಿರಬೇಕು.

6. ಪ್ರತಿ ವರಸೆಗೂ ದಾರ ಕಟ್ಟಿ, ತೂಕದ ಗುಂಡು ಬಿಟ್ಟು ನೋಡಿ. ಕೆಸರಿನ ಗೋಡೆಯಾದರೆ ದಿನಕ್ಕೆ ಆರು ವರಸೆ ಸಾಕು. ಸಿಮೆಂಟ್ ಗೋಡೆಗೆ ಏಳು ದಿನ ನೀರು ಹಾಕಿ.

ಮೊದಲ ವರಸೆ ಮತ್ತು ನಾಲ್ಕು ಮೂಲೆಗಳನ್ನು ಊರಿನ ಗೌಂಡಿಯಿಂದ ಹಾಕಿಸಿಕೊಂಡರೆ ಉಳಿದುದನ್ನು ಮನೆಮಂದಿಯೇ ಮುಗಿಸಬಹುದು.

ತುಂಬುವ ಬಗೆ

ಒಳಗೋಡೆಗೆ ಸಗಣಿ ಬಗ್ಗಡ ಎರಚಿ. ಮೊದಲು ಅರ್ಧ ಅಡಿ ಕಸಕಡ್ಡಿ. ಅದರ ಮೇಲೆ 4 ಕಿಲೋ ಸಗಣಿ ಕಲಸಿದ 125 ರಿಂದ 150 ಲೀಟರ್ ನೀರು. ಆಮೇಲೆ 50-60 ಕಿಲೋ ಜರಡಿ ಹಿಡಿದ ಒಣ ಮಣ್ಣು. ಹೀಗೆ ಪದರ ಪದರವಾಗಿ ಗೋಡೆಗಿಂತ ಒಂದೂವರೆ ಅಡಿ ಮೇಲೇರಿಸಿ, ಮೂರು ಅಂಗುಲ ಮಣ್ಣು ಮುಚ್ಚಿ, ಸಗಣಿ ಸಾರಿಸಿ. ಎರಡು ಮೂರು ವಾರದಲ್ಲಿ ರಾಶಿ ಕುಸಿದಾಗ ಮತ್ತೊಮ್ಮೆ ತುಂಬಿ ಮುಚ್ಚಬೇಕು. ಅಡಿಕೆ ಸಿಪ್ಪೆಯ ನಾರು ಬೇಗ ಕೊಳೆಯದು. ಅದನ್ನು ಹಸಿರು ಸೊಪ್ಪಿನೊಡನೆ ಬೆರೆಸಿಯೇ ಹಾಕಿ, ಸೋಗೆಯನ್ನು ಕತ್ತರಿಸಿ ಹಾಕಿ.

ಮೇಲಿನ ಸಾರಣೆ ಸೀಳಿದರೆ ಸಗಣಿಯಿಂದ ಮುಚ್ಚಿ, ತೂತುಗಳಿಂದ ನೀರು ಚಿಮುಕಿಸಿ ತೇವ ಕಾಪಾಡಿ. ಬಿಸಿಲಿಗೂ ಮಳೆಗೂ ಸೋಗೆಯ ಚಪ್ಪರವಿರಲಿ. 90 ರಿಂದ 120 ದಿನಗಳಲ್ಲಿ ಕಂದು ಬಣ್ಣದ, ದುರ್ವಾಸನೆಯಿಲ್ಲದ ಗೊಬ್ಬರ ಸಿದ್ಧ. ಕೊಯ್ಲಿನ ಕಸ ಕೈಯಲ್ಲಿರುವ ಫೆಬ್ರವರಿಯ ಆರಂಭದಲ್ಲಿ ತುಂಬಿದರೆ ಜೂನ್ ಹೊತ್ತಿಗೆ ತೊಟ್ಟಿ ಖಾಲಿಯಾಗಿ ಮುಂದಿನ ಸರದಿಗೆ ಅನುವಾಗುತ್ತದೆ. ವರ್ಷಕ್ಕೆ ಮೂರು ಸಲ ತುಂಬಿದರೆ ಒಂದೇ ತೊಟ್ಟಿ ಒಂದು ಎಕರೆಯ ಅಡಿಕೆಗೆ ಒದಗಿ, ಕಾಫಿ ಗಿಡಗಳಿಗೂ ಸ್ವಲ್ಪ ಉಳಿದೀತು.

ಈ ಸಲ ಸಿಪ್ಪೆಯ ರಾಶಿಗೆ ಬೆಂಕಿ ಇಡುವ ಮುನ್ನ ಒಂದು ತೊಟ್ಟಿಯ ಲೆಕ್ಕ ಹಾಕಿ ನೋಡಿರಿ.