ಮಾತು ಬಾರದ ಮಗುವಿನ ಸಂವಹನ: ಮೌಲ್ಯಮಾಪನದಲ್ಲಿ ಶಿಕ್ಷಕರ ಪಾತ್ರ

ಸೆರೆಬ್ರಲ್ ಪಾಲ್ಸಿ, ಆಟಿಸಂ ಮೊದಲಾದ ಕಾರಣಗಳಿಂದ ಕೆಲವು ಮಕ್ಕಳಿಗೆ ಮಾತು ಬಾರದು. ಬಂದರೂ ಇತರರಿಗೆ ತಿಳಿಯದು. ಮಾತಿಲ್ಲವೆಂದ ಮಾತ್ರಕ್ಕೆ ಆ ಮಗುವಿಗೆ ಹೇಳಬೇಕಾದುದು ಏನೂ ಇಲ್ಲವೆಂದು ಭಾವಿಸಲಾಗದು. ಸನ್ನೆ, ಚಿತ್ರಫಲಕ, ಅಕ್ಷರಫಲಕ, ಧ್ವನಿ ಹೊರಡಿಸುವ ಸಾಧನ ಇವುಗಳ ಮೂಲಕ ತಿಳಿಸುವ ಕ್ರಮಕ್ಕೆ ‘ಪೂರಕ ಮತ್ತು ಪರ್ಯಾಯ ಸಂವಹನ’ ಎಂದು ಹೆಸರು. ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016ರ 17ನೆಯ ಕಲಮಿನಂತೆ ಇದರ ಬಳಕೆಯನ್ನು ಪ್ರೋತ್ಸಾಹಿಸುವುದು ಸರ್ಕಾರ ಹಾಗೂ ಸ್ಥಳೀಯ ಪ್ರಾಧಿಕಾರಗಳ ಕರ್ತವ್ಯವಾಗಿದೆ.

ಯಾವ ಮಗುವಿಗೆ ಯಾವ ಸಾಧನ ಹೊಂದುವುದೆಂಬುದನ್ನು ವಾಕ್-ಭಾಷಾ ತಜ್ಞರು ಹಂತಹಂತವಾಗಿ ಪರಿಶೀಲಿಸುತ್ತಾರೆ.

1. ಅಗತ್ಯ: ಮಗು ಎಲ್ಲಿ, ಯಾರೊಡನೆ, ಏನನ್ನು ತಿಳಿಸಬೇಕಾಗಿದೆ? ಸಮವಯಸ್ಕರು ಭಾಗವಹಿಸುವ ಯಾವ ಚಟುವಟಿಕೆಯಿಂದ ಅದು ಹೊರಗುಳಿದಿದೆ? ಬ್ಯೂಕೆಲ್‌ಮನ್ ಮತ್ತು ಮಿರೆಂಡಾ ಅವರು ರೂಪಿಸಿದ ‘ಭಾಗವಹಿಸುವಿಕೆಯ ಮಾದರಿ’ ಈ ಪ್ರಶ್ನೆಯಿಂದಲೇ ಆರಂಭವಾಗುತ್ತದೆ. ಅಡ್ಡಿಯು ಮಗುವಿನ ಶಕ್ತಿಯಲ್ಲಿದೆಯೋ, ಸುತ್ತಲಿನವರು ಅವಕಾಶ ನೀಡದಿರುವುದರಲ್ಲಿದೆಯೋ ಎಂಬುದನ್ನು ಅದು ಬೇರ್ಪಡಿಸಿ ನೋಡುತ್ತದೆ.

2. ಈಗಿನ ಮಾರ್ಗ: ನೋಟ, ಕೈಸನ್ನೆ, ಕೂಗು, ಮುಖಭಾವ ಇವುಗಳಲ್ಲಿ ಮಗು ಯಾವುದನ್ನು ಈಗಾಗಲೇ ಬಳಸುತ್ತಿದೆ?

3. ಇಂದ್ರಿಯ ಮತ್ತು ಚಲನೆ: ದೃಷ್ಟಿ, ಶ್ರವಣ, ಕುಳಿತುಕೊಳ್ಳುವ ಭಂಗಿ ಹೇಗಿವೆ? ಬೆರಳಿನಿಂದ ತೋರಿಸಲಾಗದಿದ್ದರೆ ಕಣ್ಣು ಅಥವಾ ತಲೆಯ ಚಲನೆಯಿಂದ ಆಯ್ಕೆ ಮಾಡಬಲ್ಲದೇ?

4. ತಿಳಿವಳಿಕೆ: ನಿಜವಸ್ತು, ಛಾಯಾಚಿತ್ರ, ರೇಖಾಚಿತ್ರ, ಅಕ್ಷರ ಇವುಗಳಲ್ಲಿ ಯಾವ ಹಂತದವರೆಗೆ ಅರ್ಥ ಗ್ರಹಿಸುತ್ತದೆ? ಮೊದಲು ಎರಡು ಚಿತ್ರಗಳನ್ನಿಟ್ಟು ಕೇಳಿ, ಬಳಿಕ ಸಂಖ್ಯೆಯನ್ನು ಹೆಚ್ಚಿಸಲಾಗುತ್ತದೆ.

5. ಪ್ರಯೋಗ: ಆಯ್ದ ಫಲಕವನ್ನು ಕೆಲಕಾಲ ಮನೆಯಲ್ಲೂ ಶಾಲೆಯಲ್ಲೂ ಬಳಸಿ, ಅಗತ್ಯವಿದ್ದಂತೆ ಬದಲಿಸಲಾಗುತ್ತದೆ. ಒಂದು ದಿನದ ಪರೀಕ್ಷೆ ಅಂತಿಮ ತೀರ್ಪಲ್ಲ.

ಈ ಹಂತಗಳಲ್ಲಿ ಗಡಿಭಾಗದ ಕನ್ನಡ ಶಾಲೆಯ ಶಿಕ್ಷಕರ ಹೊಣೆ ವಿಶೇಷವಾದುದು. ಭಂಡಾರಕವಠೆಯಂತಹ ಭೀಮಾತೀರದ ಊರುಗಳಲ್ಲಿಯೂ ಅಕ್ಕಲಕೋಟ ತಾಲೂಕಿನಲ್ಲಿಯೂ ಅನೇಕ ಮಕ್ಕಳ ಮನೆಮಾತು ಕನ್ನಡ; ಸೋಲಾಪುರದ ದವಾಖಾನೆಯಲ್ಲಿ ಕೇಳುವ ಮಾತು ಬಹುತೇಕ ಮರಾಠಿ. ‘ಪಾಣಿ ಕುಠೇ ಆಹೇ?’ ಎಂಬ ಪ್ರಶ್ನೆಗೆ ಸುಮ್ಮನಿದ್ದ ಮಗು ‘ನೀರ ಎಲ್ಲೈತಿ?’ ಎಂದೊಡನೆ ಸರಿಯಾದ ಚಿತ್ರದತ್ತ ನೋಡಬಹುದು. ಭಾಷೆ ತಿಳಿಯದ್ದನ್ನು ಬುದ್ಧಿಯ ಕೊರತೆಯೆಂದು ದಾಖಲಿಸಿದರೆ, ಆ ಮಗುವಿಗೆ ದೊರೆಯಬೇಕಾದ ಸಾಧನವೇ ತಪ್ಪಿಹೋಗುತ್ತದೆ. ಆದ್ದರಿಂದ ಮಗುವಿನ ಮನೆಮಾತನ್ನು ತಜ್ಞರಿಗೆ ಮೊದಲೇ ಲಿಖಿತವಾಗಿ ತಿಳಿಸತಕ್ಕದ್ದು. ಫಲಕದಲ್ಲಿಯೂ ಮನೆಯಲ್ಲಿ ಆಡುವ ಪದಗಳೇ ಇರಬೇಕು: ‘ಅವ್ವ’, ‘ರೊಟ್ಟಿ’, ‘ಸಾಕ’. ‘ಒಲ್ಲೆ’ ಎಂಬ ಪದವಂತೂ ಅವಶ್ಯವಾಗಿ ಇರಬೇಕು. ನಿರಾಕರಿಸಲಾಗದ ಮಗುವಿನ ಒಪ್ಪಿಗೆಗೆ ಅರ್ಥವಿಲ್ಲ.

ಫಲಕ ಕೊಟ್ಟರೆ ಮಗು ಮಾತು ಕಲಿಯುವುದಿಲ್ಲವೆಂಬ ಭಯ ಪಾಲಕರಲ್ಲಿರುವುದು ಸಹಜ. ಇಂತಹ ಸಾಧನಗಳು ಮಾತಿನ ಬೆಳವಣಿಗೆಗೆ ಅಡ್ಡಿಯಾಗುವುದಿಲ್ಲ, ಕೆಲವು ಮಕ್ಕಳಲ್ಲಿ ಮಾತು ಹೆಚ್ಚಿದೆ ಎಂದು ಅಧ್ಯಯನಗಳು ತೋರಿಸಿವೆ. ಇದನ್ನು ಪಾಲಕರಿಗೆ ಅವರದೇ ಮಾತಿನಲ್ಲಿ ವಿವರಿಸಬೇಕು.

ಮಾರ್ಗದರ್ಶನಕ್ಕೆ ಮೈಸೂರಿನಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಹಾಗೂ ಮುಂಬಯಿಯ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆ ಇವೆ.

ಶಿಕ್ಷಕರಿಗೆ ಚಟುವಟಿಕೆ: ತರಗತಿಯಲ್ಲಿ ಮಾತು ಬಾರದ ಮಗುವಿದ್ದರೆ ಒಂದು ವಾರ ಅವಲೋಕಿಸಿ, ಅದು ಏನನ್ನು, ಯಾರಿಗೆ, ಯಾವ ಬಗೆಯಲ್ಲಿ ತಿಳಿಸಿತು ಹಾಗೂ ಯಾವಾಗ ತಿಳಿಸಲಾಗದೆ ಸುಮ್ಮನಾಯಿತು ಎಂಬುದನ್ನು ದಿನಾಂಕಸಹಿತ ಬರೆದಿಡಿರಿ. ತಜ್ಞರ ಭೇಟಿಗೆ ಪಾಲಕರೊಡನೆ ಈ ಟಿಪ್ಪಣಿಯನ್ನೂ ಕಳುಹಿಸಿರಿ.