ಮಂಜಾದದ್ದು ಕಣ್ಣೋ, ಕಾರಿನ ಗಾಜೋ?

ಮದುವೆ ಮನೆಯಿಂದ ಮಗ್ರಿಬ್ ನಮಾಝ್ ಮುಗಿಸಿ ಹೊರಟಿದ್ದೀರಿ. ಹಿಂದಿನ ಸೀಟಿನಲ್ಲಿ ಮಕ್ಕಳು ನಿದ್ದೆಗೆ ಜಾರಿದ್ದಾರೆ. ಮಳೆ ಈಗಷ್ಟೇ ನಿಂತಿದೆ, ರಸ್ತೆ ಒದ್ದೆಯಾಗಿದೆ. ಎದುರಿನಿಂದ ಒಂದು ಲಾರಿ ಬರುತ್ತದೆ. ಅದರ ಹೆಡ್‌ಲೈಟ್ ಬಿದ್ದೊಡನೆ ನಿಮ್ಮ ಮುಂದಿನ ಗಾಜು ಪೂರ್ತಿ ಹಾಲು ಚೆಲ್ಲಿದಂತೆ ಬೆಳ್ಳಗಾಗುತ್ತದೆ. ಒಂದೆರಡು ಕ್ಷಣ ರಸ್ತೆಯ ಅಂಚೂ ಕಾಣುವುದಿಲ್ಲ, ಅಂಚಿನಲ್ಲಿ ನಡೆದು ಹೋಗುವವರೂ ಕಾಣುವುದಿಲ್ಲ. ವೈಪರ್ ಹಾಕುತ್ತೀರಿ, ನೀರು ಚಿಮ್ಮಿಸುತ್ತೀರಿ. ಆದರೂ ಆ ಮಬ್ಬು ಹೋಗುವುದಿಲ್ಲ. ಏಕೆಂದರೆ ಅದು ಇರುವುದು ಗಾಜಿನ ಹೊರಗಲ್ಲ, ಒಳಗೆ.

ನಮ್ಮ ಕುಟುಂಬದ ಹಿರಿಯರೊಬ್ಬರು ಇದೇ ಕಾರಣಕ್ಕೆ ರಾತ್ರಿ ಕಾರು ಓಡಿಸುವುದನ್ನೇ ಬಿಟ್ಟಿದ್ದರು. "ವಯಸ್ಸಾಯಿತು, ಕಣ್ಣು ಹೋಯಿತು" ಎಂದು ಯಾರೊಡನೆಯೂ ಹೇಳಿಕೊಳ್ಳದೆ ಕೊರಗುತ್ತಿದ್ದರು. ರಜೆಯಲ್ಲಿ ಊರಿಗೆ ಬಂದ ಮಗ ಒಂದು ಸಂಜೆ ಅದೇ ಕಾರಿನಲ್ಲಿ ಕುಳಿತು, "ಅಬ್ಬಾ, ಗಾಜಿನ ಒಳಗೊಮ್ಮೆ ಬೆರಳಾಡಿಸಿ ನೋಡಿ" ಎಂದ. ಬೆರಳು ಜಾರಿತು. ಬೆರಳೆಳೆದ ಜಾಗದಲ್ಲಿ ಸ್ಪಷ್ಟವಾದ ಒಂದು ಗೆರೆ ಮೂಡಿತು. ಕಾರಿನ ಹೊರಮೈಯನ್ನು ವಾರವಾರವೂ ತೊಳೆಯುತ್ತಿದ್ದ ಅವರು ಮುಂದಿನ ಗಾಜಿನ ಒಳಭಾಗಕ್ಕೆ ವರ್ಷದಿಂದ ಬಟ್ಟೆ ಮುಟ್ಟಿಸಿರಲಿಲ್ಲ.

ಗಾಜು ಒರೆಸಿದ ಮೇಲೆ ಅವರ ಅರ್ಧ ತೊಂದರೆ ಹೋಯಿತು. ಇನ್ನರ್ಧ ಉಳಿಯಿತು. ಆ ಉಳಿದರ್ಧದ ಕಥೆಯನ್ನು ಕೊನೆಯಲ್ಲಿ ಹೇಳುತ್ತೇನೆ. ಮೊದಲು ಗಾಜಿನ ವಿಷಯ ನೋಡೋಣ.

ಈ ಜಿಡ್ಡು ಎಲ್ಲಿಂದ ಬರುತ್ತದೆ?

ಮುಚ್ಚಿದ ಕಾರಿನೊಳಗೆ ಧೂಳು ಕೂರುವುದು ಅರ್ಥವಾಗುತ್ತದೆ, ಎಣ್ಣೆಯಂಥ ಜಿಡ್ಡು ಹೇಗೆ ಬಂತು ಎಂದು ನೀವು ಕೇಳಬಹುದು. ಅದಕ್ಕೆ ಹಲವು ದಾರಿಗಳಿವೆ.

ಮೊದಲನೆಯದು ಕಾರೇ. ಡ್ಯಾಶ್‌ಬೋರ್ಡ್, ಸೀಟಿನ ಹೊದಿಕೆ, ಬಾಗಿಲಿನ ಒಳಭಾಗ ಇವೆಲ್ಲ ಬಹುಪಾಲು ಪ್ಲಾಸ್ಟಿಕ್ ಮತ್ತು ರೆಕ್ಸಿನ್. ಅವು ಮೆತ್ತಗಿರಲೆಂದು ತಯಾರಿಸುವಾಗ ಕೆಲವು ರಾಸಾಯನಿಕಗಳನ್ನು ಬೆರೆಸುತ್ತಾರೆ. ಬಿಸಿಲಿನಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ 70 ಡಿಗ್ರಿ ಸೆಲ್ಸಿಯಸ್ ದಾಟುವುದುಂಟು. ಆ ಶಾಖಕ್ಕೆ ಈ ರಾಸಾಯನಿಕಗಳು ಆವಿಯಾಗಿ ಮೇಲೇಳುತ್ತವೆ, ಸಂಜೆ ಗಾಜು ತಣ್ಣಗಾದಾಗ ಅದರ ಮೇಲೆ ತೆಳ್ಳಗೆ ಕೂರುತ್ತವೆ. 'ಹೊಸ ಕಾರಿನ ವಾಸನೆ' ಎಂದು ನಾವು ಖುಷಿಪಡುವುದರಲ್ಲಿ ಈ ಆವಿಗಳದ್ದೇ ದೊಡ್ಡ ಪಾಲು. ಹಾಗಾಗಿ ಹೊಸ ಕಾರಿನ ಗಾಜಿಗೇ ಜಿಡ್ಡು ಬೇಗ ಕಟ್ಟುತ್ತದೆ. ಗಲ್ಫ್‌ನಲ್ಲಿರುವ ನಮ್ಮ ಬಂಧುಗಳಿಗೆ ಇದು ಇನ್ನೂ ಚೆನ್ನಾಗಿ ಗೊತ್ತು.

ಎರಡನೆಯದು ನಾವು ಬಳಿಯುವ ಪಾಲಿಶ್. ಡ್ಯಾಶ್‌ಬೋರ್ಡ್ ಹೊಳೆಯಲೆಂದು ಹಚ್ಚುವ ಅನೇಕ ದ್ರವಗಳಲ್ಲಿ ಸಿಲಿಕೋನ್ ಎಣ್ಣೆ ಇರುತ್ತದೆ. ಅದರ ಸ್ವಲ್ಪ ಭಾಗ ಸಿಂಪಡಿಸುವಾಗಲೇ ಹಾರಿ ಗಾಜಿಗೆ ಅಂಟುತ್ತದೆ. ಅಷ್ಟೇ ಅಲ್ಲ, ಹೊಳೆಯುವ ಡ್ಯಾಶ್‌ಬೋರ್ಡ್ ಹಗಲಲ್ಲಿ ಗಾಜಿನ ಮೇಲೆ ಪ್ರತಿಬಿಂಬಿಸಿ ಕಣ್ಣಿಗೆ ಇನ್ನೊಂದು ಕಾಟ ಕೊಡುತ್ತದೆ.

ಮೂರನೆಯದು ಹೊಗೆ. ಸಿಗರೇಟಿನ ಹೊಗೆ ಗಾಜಿನ ಮೇಲೆ ಹಳದಿ ಮಿಶ್ರಿತ ಕಂದು ಪದರ ಕಟ್ಟುತ್ತದೆ. ಅದರಲ್ಲಿ ನಿಕೋಟಿನ್ ಸಹ ಇರುತ್ತದೆ. ಗಾಜಿನ ಮೇಲೆ ಕಂಡದ್ದು ಸೀಟಿನ ಮೇಲೆ, ಮಕ್ಕಳು ಮುಟ್ಟುವ ಎಲ್ಲ ಕಡೆಯೂ ಇದೆ ಎಂದೇ ತಿಳಿಯಿರಿ. ಯುಎಇಯಲ್ಲಿ 12 ವರ್ಷದೊಳಗಿನ ಮಕ್ಕಳಿರುವ ಕಾರಿನಲ್ಲಿ ಧೂಮಪಾನ ಮಾಡುವುದು ಕಾನೂನುಬಾಹಿರ. ಕಾನೂನಿಲ್ಲದ ಊರಿನಲ್ಲೂ ಮಕ್ಕಳ ಶ್ವಾಸಕೋಶ ಅದೇ ಅಲ್ಲವೇ? ಇನ್ನು ಊದು, ಬುಖೂರ್, ಸಾಂಬ್ರಾಣಿಗಳ ಹೊಗೆ. ಸುವಾಸನೆಗೆಂದು ಕಾರಿನೊಳಗೆ ಹೊಗೆ ಹಿಡಿಸಿ ಬಾಗಿಲು ಮುಚ್ಚಿಟ್ಟರೆ ಅದರ ಎಣ್ಣೆಯೂ ಮಸಿಯೂ ಗಾಜಿನ ಮೇಲೆಯೇ ಕೂರುತ್ತವೆ.

ನಾಲ್ಕನೆಯದು ನಮ್ಮ ಮೈ. ತಲೆಗೆ ತೆಂಗಿನೆಣ್ಣೆ ಹಚ್ಚಿ ಕಿಟಕಿಗೆ ಒರಗಿ ಮಲಗುವ ಮಗು, ಸಮೋಸ ತಿಂದ ಕೈಯಲ್ಲೇ ಗಾಜಿನ ಮೇಲೆ ಚಿತ್ರ ಬರೆಯುವ ಇನ್ನೊಂದು ಮಗು, ಮಳೆಗಾಲದಲ್ಲಿ ಗಾಜು ಮಂಜಾದಾಗ ಅಂಗೈಯಿಂದ ಒರೆಸುವ ನಾವು. ಎಲ್ಲರೂ ಒಂದಿಷ್ಟು ಎಣ್ಣೆ ಬಿಟ್ಟೇ ಹೋಗುತ್ತೇವೆ.

ಅದರಿಂದ ಏನು ಹಾನಿ?

ಈ ಪದರ ಬಹಳ ತೆಳು. ಹಗಲಲ್ಲಿ ಬಿಸಿಲು ಬೆನ್ನ ಹಿಂದಿದ್ದರೆ ಕಾಣುವುದೇ ಇಲ್ಲ. ಆದರೆ ಎದುರಿನಿಂದ ಬೆಳಕು ಬಿದ್ದಾಗ ಅದು ಬೆಳಕನ್ನು ನೇರವಾಗಿ ಬಿಡದೆ ಎಲ್ಲ ಕಡೆಗೂ ಚೆದುರಿಸುತ್ತದೆ. ಚೆದುರಿದ ಬೆಳಕು ಗಾಜಿನ ತುಂಬ ಹರಡಿದಾಗ ಅದರ ಹಿಂದಿರುವ ಮಬ್ಬು ವಸ್ತುಗಳು ಮುಚ್ಚಿಹೋಗುತ್ತವೆ. ಕಪ್ಪು ಬಟ್ಟೆ ತೊಟ್ಟು ನಡೆಯುವವರು, ದೀಪವಿಲ್ಲದ ಸೈಕಲ್, ರಸ್ತೆ ದಾಟುವ ದನ ಇವೇ ಮೊದಲು ಮರೆಯಾಗುವುದು. ಅಸರ್ ನಂತರ ಪಡುವಣ ದಿಕ್ಕಿಗೆ ಕಾರು ಓಡಿಸುವಾಗಲೂ ಇದೇ ಆಗುತ್ತದೆ.

ಮಳೆಗಾಲದಲ್ಲಿ ಇನ್ನೊಂದು ತೊಂದರೆ. ನಮ್ಮ ಉಸಿರಿನ ತೇವ ತಣ್ಣನೆಯ ಗಾಜಿನ ಮೇಲೆ ನೀರಾಗಿ ಕೂರುತ್ತದೆ. ಸ್ವಚ್ಛ ಗಾಜಿನ ಮೇಲೆ ಆ ನೀರು ಸಮನಾಗಿ ಹರಡುತ್ತದೆ. ಜಿಡ್ಡಿನ ಗಾಜಿನ ಮೇಲೆ ಸಣ್ಣ ಸಣ್ಣ ಹನಿಗಳಾಗಿ ನಿಲ್ಲುತ್ತದೆ, ಗಾಜು ಬೇಗ ಮಂಜಾಗುತ್ತದೆ.

ಒರೆಸಲು ಏನೇನು ಬೇಕು?

ಮೂರು ಮೈಕ್ರೋಫೈಬರ್ ಬಟ್ಟೆ. ಇವು ಹೊಸತಾಗಿರಬೇಕಿಲ್ಲ, ಸ್ವಚ್ಛವಾಗಿದ್ದರೆ ಸಾಕು. ಇದಿಲ್ಲದಿದ್ದರೆ ಹಲವು ಬಾರಿ ಒಗೆದು ಮೆತ್ತಗಾದ, ನೂಲು ಬಿಡದ ಹತ್ತಿ ಬಟ್ಟೆ ಆದೀತು. ಆದರೆ ಬಟ್ಟೆ ಮೃದುವಾಗಲೆಂದು ಹಾಕುವ ಕಂಡೀಷನರ್‌ನಲ್ಲಿ ಅದ್ದಿದ ಬಟ್ಟೆ ಬೇಡ. ಅದೇ ಒಂದು ಜಿಡ್ಡು ಬಿಡುತ್ತದೆ.

ಅರ್ಧ ಲೀಟರ್ ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ದ್ರವದ ಎರಡು ಮೂರು ಹನಿ. ಹೆಚ್ಚು ಹಾಕಿದರೆ ಸೋಪಿನ ಗೆರೆಗಳೇ ಉಳಿಯುತ್ತವೆ.

ಕೊನೆಯ ಒರೆಸುವಿಕೆಗೆ ಬಿಳಿ ವಿನೆಗರ್ ಮತ್ತು ನೀರು ಸಮಪ್ರಮಾಣದಲ್ಲಿ. ಜಿಡ್ಡು ಹಠಮಾರಿಯಾಗಿದ್ದರೆ ಐಸೊಪ್ರೊಪೈಲ್ ಆಲ್ಕೋಹಾಲ್‌ಗೆ ಅಷ್ಟೇ ನೀರು ಬೆರೆಸಿ ಬಳಸಬಹುದು. ಈ ಹೆಸರು ಕೇಳಿ ಕೆಲವರು ಹಿಂಜರಿಯುತ್ತಾರೆ. ಇದು ಕುಡಿಯುವ ಮದ್ಯವಲ್ಲ. ಪೆಟ್ರೋಲಿಯಂ ಮೂಲದಿಂದ ತಯಾರಾಗುವ, ಕುಡಿದರೆ ವಿಷವಾಗುವ ದ್ರಾವಕ. ಆದರೂ ಮನಸ್ಸು ಒಪ್ಪದಿದ್ದರೆ ಬಿಡಿ, ಸೋಪಿನ ನೀರು ಮತ್ತು ವಿನೆಗರ್ ಎರಡು ಬಾರಿ ಒರೆಸಿದರೆ ಹೆಚ್ಚಿನ ಜಿಡ್ಡು ಹೋಗುತ್ತದೆ. ಆಲ್ಕೋಹಾಲ್ ಬಳಸುವವರು ಬಾಗಿಲುಗಳನ್ನು ತೆರೆದಿಡಿ, ಹತ್ತಿರ ಬೆಂಕಿ ಇರಬಾರದು. ಬಾಟಲಿ ಮಕ್ಕಳ ಕೈಗೆ ಸಿಗದಿರಲಿ. ಕಾರಿನ ಪರದೆಗೂ ಮೀಟರಿನ ಪ್ಲಾಸ್ಟಿಕ್ ಮುಚ್ಚಳಕ್ಕೂ ಅದನ್ನು ತಾಗಿಸಬೇಡಿ.

ಒರೆಸುವ ಕ್ರಮ

1. ಕಾರನ್ನು ನೆರಳಿನಲ್ಲಿ ನಿಲ್ಲಿಸಿ. ಗಾಜು ಬಿಸಿಯಾಗಿದ್ದರೆ ದ್ರವ ಒರೆಸುವ ಮೊದಲೇ ಒಣಗಿ ಗೆರೆ ಬೀಳುತ್ತದೆ. ಬೆಳಗ್ಗಿನ ಹೊತ್ತು ಉತ್ತಮ.

2. ಮೊದಲು ಡ್ಯಾಶ್‌ಬೋರ್ಡಿನ ಧೂಳನ್ನು ಒದ್ದೆ ಬಟ್ಟೆಯಿಂದ ತೆಗೆಯಿರಿ. ಇಲ್ಲದಿದ್ದರೆ ಆ ಧೂಳು ಮತ್ತೆ ಗಾಜಿಗೇ ಹತ್ತುತ್ತದೆ.

3. ದ್ರವವನ್ನು ಗಾಜಿಗೆ ಸಿಂಪಡಿಸಬೇಡಿ, ಬಟ್ಟೆಗೆ ಹಾಕಿ ಹಿಂಡಿಕೊಳ್ಳಿ. ಗಾಜಿಗೆ ಸಿಂಪಡಿಸಿದ ನೀರು ಇಳಿದು ಡ್ಯಾಶ್‌ಬೋರ್ಡಿನ ಸಂದಿಗೆ, ಸ್ಪೀಕರಿಗೆ, ವೈರುಗಳಿಗೆ ಸೇರುತ್ತದೆ. ಕನ್ನಡಿಯ ಹಿಂದೆ ಕ್ಯಾಮರಾ ಅಥವಾ ಸೆನ್ಸರ್ ಇರುವ ಕಾರುಗಳಲ್ಲಿ ಆ ಜಾಗವನ್ನು ಒದ್ದೆ ಮಾಡಬೇಡಿ.

4. ಮೊದಲ ಬಟ್ಟೆಯಿಂದ ಸೋಪಿನ ನೀರು ಹಾಕಿ ಇಡೀ ಗಾಜು ಒರೆಸಿ. ಬಟ್ಟೆಯನ್ನು ನಾಲ್ಕಾಗಿ ಮಡಚಿ, ಒಂದು ಮಗ್ಗುಲು ಕೊಳೆಯಾದೊಡನೆ ಇನ್ನೊಂದಕ್ಕೆ ತಿರುಗಿಸಿ. ಹೆಚ್ಚಿನವರು ಎಡವುವುದು ಇಲ್ಲೇ. ಅದೇ ಕೊಳೆ ಬಟ್ಟೆಯಿಂದ ಎಷ್ಟು ಉಜ್ಜಿದರೂ ಜಿಡ್ಡು ಜಾಗ ಬದಲಿಸುತ್ತದೆಯೇ ಹೊರತು ಹೋಗುವುದಿಲ್ಲ.

5. ಎರಡನೇ ಬಟ್ಟೆಗೆ ವಿನೆಗರ್ ನೀರು ಹಾಕಿ ಮತ್ತೊಮ್ಮೆ ಒರೆಸಿ. ಅದು ಒಣಗುವ ಮೊದಲೇ ಮೂರನೇ ಒಣ ಬಟ್ಟೆಯಿಂದ ಒರೆಸಿ ಮುಗಿಸಿ.

6. ಗಾಜಿನ ಕೆಳಗಿನ ಮೂಲೆಗೆ ಕೈ ತಲುಪದಿದ್ದರೆ ಪಕ್ಕದ ಸೀಟಿನಲ್ಲಿ ಕುಳಿತು, ಅಂಗೈ ಮೇಲಾಗಿಸಿ, ಕೈಯ ಹಿಂಭಾಗದಿಂದ ಬಟ್ಟೆಯನ್ನು ಗಾಜಿಗೆ ಒತ್ತಿ ಹಿಡಿದು ಎಳೆಯಿರಿ. ಬಾಗಿದ ಗಾಜಿನ ಮೂಲೆಗೆ ಹೀಗೆ ಸುಲಭವಾಗಿ ತಲುಪಬಹುದು.

7. ಒಳಗಿನಿಂದ ಮೇಲೆ ಕೆಳಗೆ ಒರೆಸಿ, ಹೊರಗಿನಿಂದ ಎಡಕ್ಕೆ ಬಲಕ್ಕೆ ಒರೆಸಿ. ಆಮೇಲೆ ಗೆರೆ ಕಂಡರೆ ಅದು ಯಾವ ಬದಿಯದ್ದೆಂದು ತಕ್ಷಣ ತಿಳಿಯುತ್ತದೆ.

8. ಹಿಂದಿನ ಗಾಜಿನಲ್ಲಿ ಅಡ್ಡವಾಗಿ ತೆಳ್ಳನೆಯ ಗೆರೆಗಳಿದ್ದರೆ ಅವು ಮಂಜು ಕರಗಿಸುವ ವಿದ್ಯುತ್ ತಂತಿಗಳು. ಅವುಗಳ ಉದ್ದಕ್ಕೇ ಹಗುರವಾಗಿ ಒರೆಸಿ, ಉಗುರು ಅಥವಾ ಬ್ಲೇಡ್ ತಾಗಿಸಬೇಡಿ.

ಕೆಲಸ ಮುಗಿಯಿತೇ ಎಂದು ತಿಳಿಯಲು ಗಾಜಿಗೆ ಬಾಯಿಂದ ಉಸಿರು ಬಿಟ್ಟು ನೋಡಿ. ಮಂಜು ಸಮನಾಗಿ ಕೂತು ಸಮನಾಗಿ ಮಾಯವಾದರೆ ಗಾಜು ಸ್ವಚ್ಛ. ಕಲೆ, ಸುರುಳಿ, ಬೆರಳಿನ ಗುರುತು ಕಂಡರೆ ಇನ್ನೊಂದು ಸುತ್ತು ಬೇಕು. ಬಟ್ಟೆಗಳನ್ನು ಬೇರೆಯಾಗಿ ಒಗೆದು ಒಣಗಿಸಿಡಿ.

ಮಾಡಬಾರದ್ದು

ಬ್ಲೀಚನ್ನು ವಿನೆಗರ್ ಜೊತೆಗಾಗಲಿ ಅಮೋನಿಯಾ ಇರುವ ದ್ರವದ ಜೊತೆಗಾಗಲಿ ಎಂದಿಗೂ ಬೆರೆಸಬೇಡಿ. ವಿಷಾನಿಲ ಹುಟ್ಟುತ್ತದೆ. ಕಾರಿನಂಥ ಇಕ್ಕಟ್ಟಿನಲ್ಲಿ ಅದು ಉಸಿರಿಗೇ ಅಪಾಯ. ಗಾಜಿಗೆ ಫಿಲ್ಮ್ ಅಂಟಿಸಿದ್ದರೆ ಅಮೋನಿಯಾ ಇರುವ ಗ್ಲಾಸ್ ಕ್ಲೀನರ್ ಬೇಡ, ಫಿಲ್ಮ್ ಹಾಳಾಗುತ್ತದೆ. ಸೋಪಿನ ನೀರು ಸಾಕು. ಪೆಟ್ರೋಲ್, ಸೀಮೆಎಣ್ಣೆಗಳನ್ನು ಕಾರಿನೊಳಗೆ ತರಲೇಬೇಡಿ. ಕೈಗೆ ಹಚ್ಚುವ ಜೆಲ್ ಸ್ಯಾನಿಟೈಸರ್ ಕೂಡ ಬೇಡ. ಅದರಲ್ಲಿ ಚರ್ಮ ಒಣಗದಂತೆ ಬೆರೆಸುವ ಗ್ಲಿಸರಿನ್‌ನಂಥ ಪದಾರ್ಥ ಗಾಜಿನ ಮೇಲೆ ಹೊಸ ಜಿಡ್ಡಾಗುತ್ತದೆ.

ಮತ್ತೆ ಬೇಗ ಕಟ್ಟದಿರಲು

ತಿಂಗಳಿಗೊಮ್ಮೆ ಒಳಗಿನ ಗಾಜು ಒರೆಸುವ ರೂಢಿ ಇಟ್ಟುಕೊಳ್ಳಿ. ಹೊಸ ಕಾರಾದರೆ ಮೊದಲ ಕೆಲವು ತಿಂಗಳು ಎರಡು ವಾರಕ್ಕೊಮ್ಮೆ. ಸಾಧ್ಯವಾದಷ್ಟು ನೆರಳಿನಲ್ಲಿ ನಿಲ್ಲಿಸಿ, ಇಲ್ಲವೇ ಮುಂದಿನ ಗಾಜಿಗೆ ಮರೆ ಹಾಕಿ. ಬಿಸಿಲಲ್ಲಿ ನಿಂತ ಕಾರನ್ನು ಹತ್ತುವ ಮೊದಲು ಬಾಗಿಲುಗಳನ್ನು ಒಂದೆರಡು ನಿಮಿಷ ತೆರೆದಿಟ್ಟು ಒಳಗಿನ ಬಿಸಿ ಗಾಳಿ ಹೊರಹೋಗಲು ಬಿಡಿ. ಆ ಆವಿ ಗಾಜಿಗೂ ಒಳ್ಳೆಯದಲ್ಲ, ನಿಮ್ಮ ಮಕ್ಕಳಿಗೂ ಒಳ್ಳೆಯದಲ್ಲ. ಡ್ಯಾಶ್‌ಬೋರ್ಡಿಗೆ ಹೊಳಪಿನ ಪಾಲಿಶ್ ಬದಲು ಹಿಂಡಿದ ಒದ್ದೆ ಬಟ್ಟೆ ಸಾಕು.

ಮಳೆಯಲ್ಲಿ ಒಳಗಿನ ಗಾಜು ಮಂಜಾದರೆ ಕೈಯಿಂದ ಒರೆಸಬೇಡಿ. ಎ.ಸಿ. ಹಾಕಿ, ಗಾಳಿಯನ್ನು ಮುಂದಿನ ಗಾಜಿನತ್ತ ತಿರುಗಿಸಿ, ಒಳಗಿನ ಗಾಳಿಯೇ ಸುತ್ತುವ ಗುಂಡಿಯನ್ನು ಆರಿಸಿ ಹೊರಗಾಳಿಗೆ ಇಡಿ. ಎ.ಸಿ. ಗಾಳಿಯ ತೇವವನ್ನು ಹಿಂಡಿ ತೆಗೆಯುತ್ತದೆ. ಮಂಜು ಹೊರಬದಿಯಲ್ಲಿದ್ದರೆ ಗಾಜು ಅತಿಯಾಗಿ ತಣ್ಣಗಾಗಿದೆ ಎಂದರ್ಥ. ಆಗ ತಂಪು ಕಡಿಮೆ ಮಾಡಿ ವೈಪರ್ ಹಾಕಿ.

ಇಷ್ಟಾದರೂ ಬೆಳಕು ಹರಡುತ್ತಿದ್ದರೆ?

ಈಗ ಆ ಹಿರಿಯರ ಉಳಿದರ್ಧದ ಕಥೆ. ಗಾಜು ಕನ್ನಡಿಯಂತಾದ ಮೇಲೂ ಬೀದಿದೀಪಗಳ ಸುತ್ತ ಅವರಿಗೆ ಬಳೆಯಂಥ ಪ್ರಭೆ ಕಾಣುತ್ತಿತ್ತು. ಮಗ ಅವರನ್ನು ಕಾರಿನಿಂದ ಇಳಿಸಿ, ಬರಿಗಣ್ಣಿನಲ್ಲಿ ಅದೇ ದೀಪವನ್ನು ನೋಡಲು ಹೇಳಿದ. ಪ್ರಭೆ ಅಲ್ಲೂ ಇತ್ತು. ಮರುವಾರ ಕಣ್ಣಿನ ವೈದ್ಯರ ಬಳಿ ಹೋದಾಗ ಪೊರೆ ಆರಂಭವಾಗಿರುವುದು ತಿಳಿಯಿತು. ರಾತ್ರಿ ಬೆಳಕು ಚುಚ್ಚುವುದು, ದೀಪದ ಸುತ್ತ ಬಳೆ ಕಾಣುವುದು ಪೊರೆಯ ಆರಂಭಿಕ ಲಕ್ಷಣಗಳಲ್ಲಿ ಸೇರಿವೆ. ಸಕ್ಕರೆ ಕಾಯಿಲೆ ಇರುವವರಲ್ಲಿ ಪೊರೆ ಬೇಗ ಬರುವುದುಂಟು. ಅಂಥವರು ವರ್ಷಕ್ಕೊಮ್ಮೆ ಕಣ್ಣಿನ ತಪಾಸಣೆ ಮಾಡಿಸಲೇಬೇಕು. ಅವರಿಗೆ ಶಸ್ತ್ರಚಿಕಿತ್ಸೆ ಆಯಿತು. ಈಗ ಮೊಮ್ಮಕ್ಕಳನ್ನು ಕೂರಿಸಿಕೊಂಡು ಇಶಾ ನಂತರವೂ ತಾವೇ ಕಾರು ಓಡಿಸಿಕೊಂಡು ಬರುತ್ತಾರೆ.

ಗಾಜು ಒರೆಸದೇ ಇದ್ದಿದ್ದರೆ ಅವರು ಎಲ್ಲವನ್ನೂ ವಯಸ್ಸಿನ ತಲೆಗೆ ಕಟ್ಟಿ ಸುಮ್ಮನಿರುತ್ತಿದ್ದರು. ಗಾಜು ಒರೆಸಿ ಅಲ್ಲಿಗೇ ಬಿಟ್ಟಿದ್ದರೂ ಪೊರೆ ಒಳಗೊಳಗೇ ಬೆಳೆಯುತ್ತಿತ್ತು.

ಆದ್ದರಿಂದ ಈ ಶುಕ್ರವಾರ ಬೆಳಗ್ಗೆ ಕಾಲು ಗಂಟೆ ಬಿಡುವು ಮಾಡಿಕೊಳ್ಳಿ. ಮಕ್ಕಳನ್ನೂ ಕರೆಯಿರಿ, ಅವರ ಕೈಗೊಂದು ಒಣ ಬಟ್ಟೆ ಕೊಡಿ. ಕನ್ನಡಕ ಹಾಕುವವರು ಅದನ್ನೂ ಒರೆಸಿಕೊಳ್ಳಿ. ಅಂದು ರಾತ್ರಿ ಹೊರಗೆ ಹೋದಾಗ ಮನೆಯ ಹಿರಿಯರನ್ನು ಮುಂದಿನ ಸೀಟಿನಲ್ಲಿ ಕೂರಿಸಿ, "ದೀಪ ಹೇಗೆ ಕಾಣುತ್ತದೆ?" ಎಂದು ಕೇಳಿ. ಉತ್ತರವನ್ನು ಗಮನವಿಟ್ಟು ಆಲಿಸಿ.