ಟ್ರ್ಯಾಕ್ಟರಿನ ಹಾಡಿನ ಪೆಟ್ಟಿಗೆ

ಹುಣ್ಣಿಮೆ ಬಂತು. ನಾವು ಹುಲಿಗೆಮ್ಮನ ದರ್ಶನಕ್ಕೆ ಹೊರಟೆವು. ಟ್ರಾಲಿಯಲ್ಲಿ ಹುಲ್ಲು ಹಾಸಿ, ಮೇಲೆ ಜಮಖಾನೆ ಹಾಸಿ ಕೂತೆವು. ಟ್ರಾಲಿಯಲ್ಲಿ ಜನ ಕೂಡಬಾರದು ಅಂತ ಕಾಯ್ದೆ ಇದೆ. ಆದರೂ ಕೂಡುತ್ತೇವೆ. ಹಿಂದೆ ದೊಡ್ಡ ಬೇಸ್ ಬಾಕ್ಸು ಇತ್ತು. ಡ್ರೈವರ್ ಹುಡುಗ ಹಾಡು ಹಚ್ಚಿದ. ಎದಿ ಗುದ್ದಿದಂಗಾತು.

ಹುಲಿಗಿ ಇನ್ನೂ ದೂರ ಇತ್ತು. ರಬ್ಬರ್ ಸುಟ್ಟ ವಾಸನೆ ಬಂತು. ಒಬ್ಬಾಕಿ ಜಮಖಾನೆ ಎತ್ತಿ ನೋಡಿದಳು. ಹುಲ್ಲಿನೊಳಗೆ ಕೆಂಪು ವಾಯರು ಮೆತ್ತಗಾಗಿ ಹೊಗೆಯಾಡುತ್ತಿತ್ತು.

"ಏ ತಮ್ಮಾ, ಗಾಡಿ ನಿಲ್ಸೋ!"

ಹಾಡಿನ ಸದ್ದಿಗೆ ಅವನಿಗೆ ಕೇಳಲೇ ಇಲ್ಲ. ಹಿಂದೆ ಬರುತ್ತಿದ್ದ ಬೈಕಿನವ ಮುಂದೆ ಹೋಗಿ ಕೈ ಅಡ್ಡ ಮಾಡಿದ. ಆಗ ನಿಂತಿತು. ಎಲ್ಲರೂ ಇಳಿದೆವು. ಹುಲ್ಲಿಗೆ ಬೆಂಕಿ ಹತ್ತಿರಲಿಲ್ಲ.

ವಾಯರು ಯಾಕೆ ಕಾಯ್ದಿತು? ಕೇಳಿ ತಿಳಿದುಕೊಂಡೆವು.

ಮೊಬೈಲಿನ ಸದ್ದು ಸಣ್ಣದು. ಅದನ್ನು ದೊಡ್ಡದು ಮಾಡುವ ಯಂತ್ರಕ್ಕೆ ಆಂಪ್ಲಿಫೈಯರ್ ಎನ್ನುತ್ತಾರೆ. ಅದಕ್ಕೆ ಬ್ಯಾಟರಿಯಿಂದ ಕರೆಂಟು ಬೇಕು. ಟ್ರ್ಯಾಕ್ಟರಿನ ಬ್ಯಾಟರಿ 12 ವೋಲ್ಟಿನದು. ಆಂಪ್ಲಿಫೈಯರು 300 ವ್ಯಾಟಿನದು ಎಂದುಕೊಳ್ಳಿ. 300 ನ್ನು 12 ರಿಂದ ಭಾಗಿಸಿದರೆ 25. ಅಂದರೆ ಪೂರ್ತಿ ಸದ್ದಿಗೆ 25 ಆಂಪಿಯರ್ ಕರೆಂಟು ಬೇಕು. ಸ್ವಲ್ಪ ಬಿಸಿಯಾಗಿ ಹೋಗುವುದರಿಂದ ಇನ್ನೂ ಹೆಚ್ಚೇ ಬೇಕು. ನಮ್ಮ ಟ್ರಾಲಿಗೆ ಹಾಕಿದ್ದು ಮನೆಯ ಬಲ್ಬಿಗೆ ಹಾಕುವ ಸಣ್ಣ ವಾಯರು!

ಗಂಗಾವತಿ ಕಡೆಯವರು ಕಾಲುವೆ ನೀರು ನೋಡಿದ್ದೀರಿ. ದೊಡ್ಡ ಕಾಲುವೆಯ ನೀರನ್ನೆಲ್ಲ ಸಣ್ಣ ಹರಿಯೊಳಗೆ ಬಿಟ್ಟರೆ ಒಡ್ಡು ಒಡೆಯುತ್ತದೆ. ಕುಷ್ಟಗಿ, ಯಲಬುರ್ಗಾದವರು ಬೋರಿನ ಪೈಪು ನೆನೆಸಿಕೊಳ್ಳಿ. ಪೈಪು ಒಡೆದರೆ ನೀರು ಹೋಗುತ್ತದೆ. ವಾಯರು ಕಾಯ್ದರೆ ಬೆಂಕಿ ಹತ್ತುತ್ತದೆ. ಅದಕ್ಕೇ ದಪ್ಪ ತಾಮ್ರದ ವಾಯರು ಬೇಕು. ಕೆಂಪೂ ದಪ್ಪ ಇರಬೇಕು, ಕರಿದೂ ದಪ್ಪ ಇರಬೇಕು.

ಇನ್ನು ಫ್ಯೂಜು. ಕರೆಂಟು ಹೆಚ್ಚಾದರೆ ಫ್ಯೂಜು ತಾನು ಸುಟ್ಟು ವಾಯರನ್ನು ಉಳಿಸುತ್ತದೆ. ನಮ್ಮ ಟ್ರಾಲಿಯಲ್ಲಿ ಫ್ಯೂಜು ಎರಡು ಸಲ ಹೋಗಿತ್ತಂತೆ. ಬೇಸರಕ್ಕೆ ಹುಡುಗ ಅದರ ಜಾಗದಲ್ಲಿ ತಾಮ್ರದ ತಂತಿ ಸುತ್ತಿದ್ದ. ಕಾವಲುಗಾರನನ್ನೇ ಮನೆಗೆ ಕಳಿಸಿದಂಗಾತು.

ಫ್ಯೂಜು ಕೆಂಪು ವಾಯರಿಗೆ ಇರಬೇಕು. ಅದೂ ಬ್ಯಾಟರಿ ಹತ್ತಿರ, ಒಂದು ಗೇಣಿನೊಳಗೆ. ಆಂಪ್ಲಿಫೈಯರಿನ ಬಳಿ ಮಾತ್ರ ಇದ್ದರೆ ನಡುವಿನ ವಾಯರಿಗೆ ಕಾವಲಿಲ್ಲ. ಆ ವಾಯರು ಕಬ್ಬಿಣಕ್ಕೆ ತಿಕ್ಕಿ ಸಿಪ್ಪೆ ಹೋದರೆ ಕರೆಂಟೆಲ್ಲ ಒಮ್ಮೆಗೇ ನುಗ್ಗುತ್ತದೆ. ವಾಯರು ಕಬ್ಬಿಣ ದಾಟುವ ತೂತಿಗೆ ರಬ್ಬರ್ ಹಾಕಿಸಬೇಕು. ಹುಲ್ಲಿನ ಕೆಳಗಂತೂ ವಾಯರು ಬೇಡ.

ಫ್ಯೂಜಿನ ಮೇಲೆ ಅಂಕಿ ಇರುತ್ತದೆ. ಈಗ ನಮಗೆ ಓದಲು ಬರುತ್ತದಲ್ಲ! ಕೆಂಪು ಫ್ಯೂಜು 10, ನೀಲಿ 15, ಹಳದಿ 20, ಹಸಿರು 30. ವಾಯರು ತಾಳುವುದಕ್ಕಿಂತ ದೊಡ್ಡ ಅಂಕಿ ಹಾಕಬಾರದು.

ಬಾಕ್ಸಿನ ಹಿಂದೆ ಓಮ್ ಅಂತ ಇನ್ನೊಂದು ಅಂಕಿ ಇರುತ್ತದೆ. 4 ಓಮಿನ ಎರಡು ಬಾಕ್ಸನ್ನು ಪಕ್ಕಪಕ್ಕ ಒಂದೇ ಕಡೆ ಜೋಡಿಸಿದರೆ 8 ಆಗುವುದಿಲ್ಲ, 2 ಆಗುತ್ತದೆ. ಕರೆಂಟು ಹೆಚ್ಚು ಎಳೆಯುತ್ತದೆ. ಆಂಪ್ಲಿಫೈಯರಿಗೆ 2 ಓಮ್ ತಾಳುತ್ತದೋ ಇಲ್ಲವೋ ಓದಿ ನೋಡಬೇಕು.

12 ವೋಲ್ಟು ಶಾಕ್ ಹೊಡೆಯುವುದಿಲ್ಲ ನಿಜ. ಆದರೆ ಬ್ಯಾಟರಿಯ ಎರಡು ತುದಿಗೆ ಪಾನಾ ಒಮ್ಮೆಲೇ ತಾಗಿದರೆ ಪಾನಾ ಕೆಂಪಗೆ ಕಾಯುತ್ತದೆ. ಚಿನ್ನ, ತಾಮ್ರದ ಬಳೆ ತಾಗಿದರೂ ಅಷ್ಟೇ, ಕೈ ಸುಡುತ್ತದೆ. ಗಾಜಿನ ಬಳೆಗೆ ಆ ಭಯವಿಲ್ಲ. ಕೆಲಸ ಮಾಡುವಾಗ ಬ್ಯಾಟರಿಯ ಮೈನಸ್ ವಾಯರು ಮೊದಲು ಬಿಚ್ಚಬೇಕು, ಕೊನೆಗೆ ಹಾಕಬೇಕು. ಹತ್ತಿರ ಬೀಡಿ ಸೇದಬಾರದು. ಬ್ಯಾಟರಿಯಿಂದ ಬರುವ ಗಾಳಿಗೆ ಕಿಡಿ ತಾಗಿದರೆ ಸಿಡಿಯುತ್ತದೆ.

ಮರಳಿ ಬರುವಾಗ ಹಾಡು ಇರಲಿಲ್ಲ. ಆ ಹುಡುಗ ಮರುದಿನ ಕೊಪ್ಪಳಕ್ಕೆ ಹೋಗಿ ದಪ್ಪ ವಾಯರು, ಫ್ಯೂಜು ತಂದ. ಫ್ಯೂಜಿನ ಅಂಕಿ ನಾವೇ ಓದಿ ಹೇಳಿದೆವು.

ಓದಿರಿ: ಬ್ಯಾಟರಿ, ವಾಯರು, ಫ್ಯೂಜು, ಪಾನಾ, ಟ್ರಾಲಿ.
ಬರೆಯಿರಿ: ಹಳದಿ ಫ್ಯೂಜಿನ ಅಂಕಿ ಎಷ್ಟು?
ಲೆಕ್ಕ ಮಾಡಿರಿ: 240 ವ್ಯಾಟಿನ ಆಂಪ್ಲಿಫೈಯರು 12 ವೋಲ್ಟಿನಲ್ಲಿ ಎಷ್ಟು ಆಂಪಿಯರ್ ಎಳೆಯುತ್ತದೆ?